ಅರ್ನುಲ್ಫೊಗೆ ಸಾಲದ ಆಂಪ್ಲಿಫೈಯರ್

ನವೆಂಬರ್ 11

ಮೆಕ್ಕೆಜೋಳ ಬೀಸಿ, ಅರೆಪಾ ರೊಟ್ಟಿ ಕರಿದು, ಮಾರಿ ಮುಗಿಯಿತು. ಕಾಲು ಊದಿಕೊಂಡಿದೆ. ದೇವರ ಚಿತ್ತ.

ಅರ್ನುಲ್ಫೊ ಇವತ್ತೂ ಸ್ಟೀರಿಯೊ ಮುಂದೆ ಕುಕ್ಕರಗಾಲಲ್ಲಿ.

“ಮುದುಕಿ, ಇದರ ದಮ್ಮೇ ಹೋಯ್ತು. ಡೋಲು ಕೇಳ್ಸುತ್ತೆ. ಅಕಾರ್ಡಿಯನ್ ಮಾತ್ರ ಬಾವಿಯೊಳಗಿಂದ ಬಂದ ಹಾಗಿದೆ.”

ನನಗೆ ಎಲ್ಲ ಕೇಳುತ್ತದೆ. ಮರಿಯ ಮಾತೆಯ ಪಟದ ಗಾಜು ಗಡಗಡ ಅನ್ನುತ್ತಿದೆ.

ದೊಡ್ಡ ಆಂಪ್ಲಿಫೈಯರ್ ಬೇಕಂತೆ, ಡಿಸೆಂಬರ್ ಎಂಟಕ್ಕೆ ಮುಂಚೆ. ಅಮಲೋದ್ಭವ ಮಾತೆಯ ಹಬ್ಬದ ದಿನ ನಸುಕಿನಲ್ಲಿ ಬೀದಿಯೆಲ್ಲ ಬತ್ತಿ ಹಚ್ಚುವಾಗ ಮೊದಲ ಹಾಡು ಏಳುವುದು ನಮ್ಮ ಬಾಗಿಲಿಂದ. ನಾನು ಮದುವೆಯಾಗಿ ಬಂದಾಗಿನಿಂದ ಹಾಗೇ. ಯಾರ ಮನೆ ಸ್ಪೀಕರ್ ಕೆಟ್ಟರೂ “ಅರ್ನುಲ್ಫೊ ಕಿವಿಗೆ ತೋರಿಸು” ಅನ್ನುತ್ತಾರೆ ಜನ. ಅವನ ಆಸ್ತಿ ಅದೊಂದೇ.

ನವೆಂಬರ್ 14

ಬರಾಂಕಿಯಾ ಪಟ್ಟಣಕ್ಕೆ ಹೋಗಿದ್ದೆವು. ಬಸ್ಸಿನಲ್ಲಿ ನಿಂತೇ. ಕೊಂಪಾದ್ರೆ ದಗೊಬೆರ್ತೊ ಅಂಗಡಿ — ನಮ್ಮ ಮಗಳ ಜ್ಞಾನಸ್ನಾನದ ತಂದೆ ಅವನು. ಗೋಡೆ ತುಂಬ ಆಂಪ್ಲಿಫೈಯರ್. ಸೆಕೆ.

ಒಂದು ಹಾಕಿದ. ಅರ್ನುಲ್ಫೊ ತಲೆ ಅಲ್ಲಾಡಿಸಿದ. ಅದಕ್ಕಿಂತ ದೊಡ್ಡದು. “ಇದೂ ಸಪ್ಪೆ.” ಮೂರನೆಯದಕ್ಕೆ ಪಕ್ಕದ ಚಪ್ಪಲಿ ಅಂಗಡಿಯವಳು ಕಿವಿ ಮುಚ್ಚಿಕೊಂಡು ಹೊರಗೆ ಓಡಿದಳು.

“ಕೊಂಪಾದ್ರೆ, ಇದು ನಿನ್ನ ಹಳೇದರ ಮೂರು ಪಟ್ಟು. ನಿನ್ನ ಸ್ಪೀಕರ್ ತಡೆಯಲ್ಲ. ಒಳಗಿನ ಕಾಗದ ಹರಿದೇ ಹೋಗುತ್ತೆ,” ಅಂದ ದಗೊಬೆರ್ತೊ.

“ಹರಿದ್ರೆ ಎಡಿಲ್ಮಾ ಹೊಲಿದು ಕೊಡ್ತಾಳೆ ಬಿಡು.”

“ನಿನ್ನನ್ನ ಇಷ್ಟು ವರ್ಷ ಹೊಲಿದಿದ್ದೇ ಹೆಚ್ಚಾಯ್ತು,” ಅಂದೆ. ದಗೊಬೆರ್ತೊ ಬಿದ್ದು ಬಿದ್ದು ನಕ್ಕ. ಅರ್ನುಲ್ಫೊ ಅವನು ನಕ್ಕಿದ್ದು ನೋಡಿ ನಕ್ಕ. ಈಗ ಬರೆಯುವಾಗ ಹೊಳೆಯುತ್ತಿದೆ — ನೋಡಿ ನಕ್ಕ.

ಮೂರನೆಯದೇ ಬೇಕಂತೆ. ತಿಂಗಳ ಕೊನೆಗೆ ತರಿಸಿ ಕೊಡುತ್ತಾನೆ.

ನವೆಂಬರ್ 19, ಸಂಜೆ

ಜಪಸರದ ನಡುವೆ ಕರೆಂಟ್ ಹೋಯಿತು. ಹೊಸದೇನಲ್ಲ. ನಾನು ನಿಲ್ಲಿಸಲಿಲ್ಲ. “ನಮೋ ಮರಿಯೆ” ಅರ್ಧ ನನ್ನದು, “ಸಂತ ಮರಿಯೆ” ಅರ್ಧ ಅವನದು. ನನ್ನ ಅರ್ಧ ಮುಗಿಸಿದೆ.

ಉತ್ತರ ಬರಲಿಲ್ಲ.

ನಿದ್ದೆ ಹೋದನೆಂದುಕೊಂಡು ಇನ್ನೊಮ್ಮೆ ಜೋರಾಗಿ ಹೇಳಿದೆ. ಇಲ್ಲ. ಮಣಿ ಜರುಗುವ ಸದ್ದು ಮಾತ್ರ. ಎಚ್ಚರವಾಗಿಯೇ ಇದ್ದ.

ಮೇಣದ ಬತ್ತಿ ಹಚ್ಚಿದೆ. ಬೆಳಕು ನನ್ನ ಮುಖಕ್ಕೆ ಬಿತ್ತು. ಅವನ ಕಣ್ಣು ನೆಟ್ಟಗೆ ನನ್ನ ತುಟಿಗೆ ಬಂತು. ಆಮೇಲೆ ಒಂದೂ ತಪ್ಪಲಿಲ್ಲ.

ಈಸ್ಟರ್‌ನಿಂದೀಚೆ ಕುರ್ಚಿಯನ್ನು ನನ್ನೆದುರೇ ಹಾಕಿಕೊಳ್ಳುತ್ತಾನೆ. ವಯಸ್ಸಾದ ಮೇಲೆ ಪ್ರೀತಿ ಬಂತೆಂದುಕೊಂಡಿದ್ದೆ. ಪೆದ್ದಿ.

ನವೆಂಬರ್ 27

ಬರೆಯಲು ಕೈ ಬರಲಿಲ್ಲ ಇಷ್ಟು ದಿನ.

ಇವತ್ತು ಅವನು ನನಗೆ ಬೆನ್ನು ಮಾಡಿ ರೆಕಾರ್ಡ್ ಒರೆಸುತ್ತಿದ್ದ. ಒಲೆಯ ಹತ್ತಿರದಿಂದ ಹೇಳಿದೆ: “ಮುದುಕಾ, ಮನೆಗೆ ಬೆಂಕಿ ಬಿದ್ದಿದೆ.” ಒರೆಸುತ್ತಲೇ ಇದ್ದ. “ಕೆಟ್ಟಿರೋದು ಪೆಟ್ಟಿಗೆ ಅಲ್ಲ ಕಣೋ, ನಿನ್ನ ಕಿವಿ,” ಅಂದೆ. ಒರೆಸುತ್ತಲೇ ಇದ್ದ.

ಎದುರು ಹೋಗಿ ಹೇಳಬೇಕು. ಹೇಳಿದರೆ ಅವನ ಹತ್ತಿರ ಉಳಿಯುವುದೇನು? ತಾಯೇ, ಸುಸ್ತಾಗಿದೆ. ನೀನೇ ಹೇಳು.

ಡಿಸೆಂಬರ್ 2, ಶನಿವಾರ

ಆಂಪ್ಲಿಫೈಯರ್ ಬಂತು. ಇಬ್ಬರು ಹೊತ್ತು ತಂದರು. ಸ್ಪೀಕರ್ ಬಾಗಿಲಿಗೆ ಎಳೆದ. ಹೊಸ ಅಂಗಿ ಬೇರೆ. ಹಚ್ಚಿದ. ತಿರುಗಿಸಿದ. ಇನ್ನೂ ತಿರುಗಿಸಿದ.

ಎದುರು ಮನೆಯ ಒಸ್ವಾಲ್ದೊ ಬಟ್ಟಲು ಹಿಡಿದೇ ಬಂದ. “ದೋನ್ಯಾ ಎಡಿಲ್ಮಾ, ನಮ್ಮ ಸೂರಿನ ಸುಣ್ಣ ನನ್ನ ಸೂಪಿಗೆ ಬಿತ್ತು! ನೋಡಿ!”

ಅರ್ನುಲ್ಫೊ ಕೈಬೀಸಿದ. “ಬಾ ಬಾ! ಇನ್ನೂ ಇದೆ ಇದರಲ್ಲಿ!”

ಆಗಲೇ ಸ್ಪೀಕರಿನ ಕಾಗದ ಹರಿಯಿತು. ಡೋಲು ಗುದ್ದುತ್ತಲೇ ಇತ್ತು. ಅದರ ಮೇಲೆ ತಗಡು ಉಜ್ಜಿದ ಹಾಗೆ — ಅಕಾರ್ಡಿಯನ್ ಅಲ್ಲ, ಹಾಡಲ್ಲ, ಬರೀ ಕರಕರ. ಸುಟ್ಟ ವಾಸನೆ. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಬೀದಿಯ ಕಿವಿ ಅನ್ನಿಸಿಕೊಂಡವನು ಕಣ್ಣು ಮುಚ್ಚಿ ಕಾಲು ಕುಣಿಸುತ್ತಿದ್ದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಕಣ್ಣು ತೆರೆದ. ಒಂದೊಂದೇ ಮುಖ ನೋಡಿದ. ಕೊನೆಗೆ ನನ್ನದು. ತಾನೇ ಆರಿಸಿದ.

ಡಿಸೆಂಬರ್ 3

ಚರ್ಚಿನ ಪೂಜೆಗೆ ಬರಲಿಲ್ಲ. ಊಟವೂ ಇಲ್ಲ. ಸಂಜೆ ಕುರ್ಚಿ ತಂದು ಎದುರು ಹಾಕಿದ.

“ಯಾವಾಗಿಂದ ಗೊತ್ತು ನಿಂಗೆ?”

“ಕರೆಂಟ್ ಹೋದ ದಿನದಿಂದ.”

“ಹೇಳ್ಬಾರದಿತ್ತಾ?”

“ಹೇಳ್ದೆ. ನಿನ್ನ ಬೆನ್ನಿಗೆ.”

“ಒಳ್ಳೇ ಜಾಗ ಹುಡುಕಿದೆ,” ಅಂದ. ಆಮೇಲೆ ಅಕ್ಕಿ ಪಾಯಸ ಕೇಳಿದ. ಮಾಡಿಕೊಟ್ಟೆ.

ಡಿಸೆಂಬರ್ 6

ಆಂಪ್ಲಿಫೈಯರ್ ದಗೊಬೆರ್ತೊಗೆ ಹಿಂದಕ್ಕೆ ಹೋಯಿತು. ಕಿವಿ ಡಾಕ್ಟರ್ ನೋಡಿದರು. ಚಿಕ್ಕ ಹುಡುಗಿ. ನರ ಸವೆದಿದೆಯಂತೆ, ಮತ್ತೆ ಬೆಳೆಯುವುದಿಲ್ಲವಂತೆ. ಕಿವಿಯೊಳಗೆ ಇಡುವ ಪುಟ್ಟ ಯಂತ್ರ ಕೊಡುತ್ತಾರೆ, ಹೊಸ ವರ್ಷ ಕಳೆಯಲಿ ಅಂದರು.

“ಡಾಕ್ಟ್ರಮ್ಮಾ, ಎಷ್ಟು ವಾಟ್ ಬರುತ್ತೆ ಅದು?”

ಹುಡುಗಿ ನಕ್ಕಳು. ನನಗೆ ನಗಲಾಗಲಿಲ್ಲ.

ಬರುವಾಗ ತಾನೇ ಒಸ್ವಾಲ್ದೊ ಬಾಗಿಲು ಬಡಿದ. “ಎಂಟನೇ ತಾರೀಕು ಮೊದಲ ಹಾಡು ನಿಂದು. ಕೆಟ್ಟದಾಗಿ ಹಾಕಿದ್ಯೋ, ಎದ್ದು ಬಂದು ಒದೀತೀನಿ.”

“ಕೆಟ್ಟದಾಗಿದ್ರೆ ನಿಮಗೆ ಹೇಗ್—” ಒಸ್ವಾಲ್ದೊ ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡ.

“ಇವಳ ಮುಖ ನೋಡಿದ್ರೆ ಗೊತ್ತಾಗುತ್ತೆ,” ಅಂದ ಅರ್ನುಲ್ಫೊ.

ಡಿಸೆಂಬರ್ 8, ನಸುಕು

ಬೀದಿಯಲ್ಲಿ ಬತ್ತಿ ಹಚ್ಚಿದ್ದಾರೆ. ಒಸ್ವಾಲ್ದೊ ಹಾಡು ಶುರುವಾಗಿದೆ. ಪರವಾಗಿಲ್ಲ, ಸ್ವಲ್ಪ ಕೀರಲು. ಹಿಟ್ಟು ಕಲಸಿಟ್ಟಿದ್ದೇನೆ, ಎಣ್ಣೆ ಇನ್ನೂ ಕಾಯಬೇಕು. ಕಾಲು ಹಾಗೇ ಇದೆ.

ಹೊಸ್ತಿಲಲ್ಲಿ ಅರ್ನುಲ್ಫೊ. ಎರಡು ಕುರ್ಚಿ ಎದುರುಬದುರು ಹಾಕಿದ್ದಾನೆ. ನನ್ನ ಕುರ್ಚಿಯ ಮಗ್ಗುಲಿಗೇ ಬತ್ತಿ ಇಟ್ಟಿದ್ದಾನೆ, ನನ್ನ ಮುಖಕ್ಕೆ ಬೆಳಕು ಬೀಳಲೆಂದು. ಕೈಯಲ್ಲಿ ಜಪಸರ.

ಕರೆಯುತ್ತಿದ್ದಾನೆ. ಇಲ್ಲಿಂದಲೇ “ಬಂದೆ” ಅಂದರೆ ಅವನಿಗೆ ಕೇಳಿಸದು, ಎದ್ದೇ ಹೋಗಬೇ—