ಎರಡು ವಾಷರ್

ಮಾರ್ಚ್ ೧೪, ಗುರುವಾರ

ಡಾಕ್ಟರಮ್ಮನ ಹಳೇ ಜೀಪು ಇವತ್ತೂ ಏರಿನಲ್ಲಿ ಉಸಿರುಗಟ್ಟಿ ನಿಂತಿತು; ಮಾವನ ಗ್ಯಾರೇಜಿಗೆ ತಳ್ಳಿಸಿಕೊಂಡು ಬಂದರು. ಡೀಸೆಲ್ ಪಂಪೇ ಕೆಟ್ಟಿದೆ ಎಂದು ಅವರಿಗೆ ಹೇಳಿ ಮಾವ ಸ್ಪ್ಯಾನರ್ ಎತ್ತಿಯೇಬಿಟ್ಟರು. ನನಗೆ ಅನುಮಾನ. ಹೋದ ವಾರ ಫಿಲ್ಟರ್ ಬದಲಿಸಿದವನು ನಾನೇ. ಅದನ್ನು ಬಿಚ್ಚಿ ನೋಡಿದರೆ ಹಳೆಯ ರಬ್ಬರ್ ವಾಷರ್ ಅಲ್ಲೇ ಅಂಟಿಕೊಂಡಿದೆ, ಅದರ ಮೇಲೆಯೇ ಹೊಸದನ್ನು ಕೂರಿಸಿದ್ದೇನೆ! ಸಂದಿಯಿಂದ ಡೀಸೆಲ್ ಜೊತೆ ಗಾಳಿಯನ್ನೂ ಎಳೆದುಕೊಂಡು ಎಂಜಿನ್ ನಿಲ್ಲುತ್ತಿತ್ತು.

ಸದ್ದಿಲ್ಲದೆ ಕಿತ್ತು ಬಿಸಾಡಬಹುದಿತ್ತು. ಮನಸ್ಸು ಒಪ್ಪಲಿಲ್ಲ.

"ತಪ್ಪು ನಂದು, ಡಾಕ್ಟ್ರೇ. ಪಂಪು ಚೆನ್ನಾಗೇ ಇದೆ."

ಮಾವನ ಮುಖ ಇಂಗು ತಿಂದ ಮಂಗನಂತಾಯಿತು. ಹಳೆಯ ವಾಷರ್ ತೆಗೆದು ಫಿಲ್ಟರ್ ಕೂರಿಸಿದೆ. ಡಾಕ್ಟರಮ್ಮ ನಗುತ್ತಾ ಜೀಪು ಹತ್ತಿ ಹೋದ ಮೇಲೆ ಮಾವನ ಬೈಗುಳ ಶುರುವಾಯಿತು.

"ಲೋ ಒಂಬತ್ತನೇ ಕ್ಲಾಸಿನ ಹರಿಶ್ಚಂದ್ರ, ಮೊದ್ಲು ನನ್ನ ಕಿವೀಲಿ ಹೇಳ್ಬಾರ್ದಿತ್ತಾ?"

"ನೀವು ಆಗ್ಲೇ ಪಂಪು ಬಿಚ್ಚೋಕೆ ಹೊರಟಿದ್ರಲ್ಲ, ಮಾವ."

ಬೈಯುತ್ತಲೇ ನಕ್ಕರು. "ಸರಿ, ನೀನು ಹಾಕಿದ್ದನ್ನ ನಾನು ನೋಡ್ತೀನಿ. ನಾನು ಹೇಳಿದ ರೋಗಾನ ನೀನು ನೋಡು."

ಮಾವ ಹೇಳಿದ್ದನ್ನು ನಾನು ಪರೀಕ್ಷಿಸುವುದಂತೆ! ಖುಷಿಗೆ ನಿದ್ದೆಯೇ ಬರುತ್ತಿಲ್ಲ.