ಎಲ್ಲರ ಬೆರಳಲ್ಲೂ ಹಳದಿ

ಜುಲೈ ೯, ಬುಧವಾರ

ಈ ಮಹಾಪುರುಷನು ಇಂದು ಪಾರಾದನೋ, ಸಿಕ್ಕಿಬಿದ್ದನೋ, ಇನ್ನೂ ತಿಳಿಯದು.

ತಾಮ್ರ ಹಸಿರಾಗಿ, ಲಿಥಿಯಂ ಕೆಂಪಾಗಿ ಉರಿಯುವುದನ್ನು ವಿಜ್ಞಾನದ ಮೇಡಂ ತೋರಿಸುವವರಿದ್ದರು. ಅವರು ಬರುವ ಮೊದಲೇ ನಾನು ಅವರ ತಂತಿಗಳಿಗೆಲ್ಲ ಅಡುಗೆ ಉಪ್ಪು ಮೆತ್ತಿಟ್ಟಿದ್ದೆ. ಏನು ಹಿಡಿದರೂ ಜ್ವಾಲೆ ಹಳದಿ! ಹಿಂದಿನ ಬೆಂಚೆಲ್ಲ ಕಿಸಕ್ಕೆಂದಿತು.

ಮೇಡಂ ಬೈಯಲಿಲ್ಲ. "ಯಾರೋ ಉಪ್ಪಿನ ಜೊತೆ ಸೋಡಿಯಂ ತಂದಿದ್ದಾರೆ. ಯಾರ ಕೈ ಅಂತ ಬೆಂಕಿನೇ ಹೇಳುತ್ತೆ, ಬನ್ನಿ" ಅಂದರು. ತಂತಿ ತೊಳೆದು, ಕಾಯಿಸಿ, ಆರಿದ ಮೇಲೆ ಮೊದಲು ನನಗೇ ಕೊಟ್ಟರು. ಬೆರಳಲ್ಲಿ ಉಜ್ಜಿ ಜ್ವಾಲೆಗೆ ಹಿಡಿದೆ. ಭಗ್ಗನೆ ಹಳದಿ. ನನ್ನ ಕಥೆ ಮುಗೀತು ಅಂದುಕೊಂಡೆ.

ಆಮೇಲೆ ಮೊದಲ ಬೆಂಚಿನ ಸಾಧುಪ್ರಾಣಿ ಉಜ್ಜಿದಳು. ಹಳದಿ. ಮೇಡಂ ತಾವೇ ಉಜ್ಜಿದರು. ಹಳದಿ!

"ಬೆವರಲ್ಲೂ ಅದೇ ಸೋಡಿಯಂ ಇರೋದು ಕಣ್ರೋ. ಬರೀ ಲೋಹವಾಗಿದ್ದಾಗ ನೀರಿಗೆ ಬಿದ್ರೆ ಹತ್ತಿ ಉರಿಯುತ್ತೆ. ನಮ್ಮೊಳಗೆ ನೋಡಿ, ತೆಪ್ಪಗೆ ಕೂತಿದೆ. ಕೆಲವರ ಥರ ಅಲ್ಲ," ಅಂದರು, ನನ್ನನ್ನೇ ನೋಡುತ್ತ.

ನಾಚಿಕೆಪಡಲೂ ನನಗೆ ಪುರುಸೊತ್ತಿರಲಿಲ್ಲ. ಅಂಥದ್ದು ನನ್ನೊಳಗೆ!

ಈಗಷ್ಟೇ ಅಂಗೈ ನೆಕ್ಕಿ ನೋಡಿದೆ. ಉಪ್ಪುಪ್ಪು.

"ಏನೋ ಅದು, ನಾಯಿ ಥರ?" ಅಂದಳು ಅಕ್ಕ.

"ನಿನ್ನೊಳಗೂ ಇದೆ ಕಣೇ."

ದೀಪ ಆರಿಸು ಅಂತಿದ್ದಾಳೆ. ಆರಿಸುತ್ತೇನೆ. ಬೆರಳು ಮಾತ್ರ ನನ್ನ ಕಣ್ಣಿಗೆ ಇನ್ನೂ ಹಳದಿಯಾಗೇ...