ಚಿಕ್ಕ ಗ್ಲಾಸುಗಳ ಚರಿತ್ರೆ

೩ ಸೆಪ್ಟೆಂಬರ್ ೧೯೬೧, ಭಾನುವಾರ

ಆರಾಧನೆ ಮುಗಿದ ಮೇಲೆ ಎಂದಿನಂತೆ ಗ್ಲಾಸು ತೊಳೆದೆ. ಹೆಬ್ಬೆರಳಿನಷ್ಟು ಗ್ಲಾಸುಗಳು. ಕರ್ತನ ಭೋಜನದಲ್ಲಿ ಒಬ್ಬೊಬ್ಬರಿಗೂ ಒಂದೊಂದು, ಒಂದೇ ಗುಟುಕು ದ್ರಾಕ್ಷಾರಸ. ಸಭೆಯ ಸೆಕ್ರೆಟರಿ ಅಂದರೆ ಇಷ್ಟೇ — ತೊಳಿ, ಒರೆಸು, ಮಿನಿಟ್ಸ್ ಬರಿ.

ಪಾಸ್ಟರ್ ಕರುಣಾಕರ ಇನ್ನೊಂದು ಹೊರಿಸಿದರು. ಮುಂದಿನ ತಿಂಗಳು ಮದರಾಸಿನ ನಮ್ಮ ಪೆರಂಬೂರಿನ ಕನ್ನಡ ಮೆಥೋಡಿಸ್ಟ್ ಸಭೆಗೆ ಐವತ್ತು ವರ್ಷ. ಜುಬಿಲಿ. ಚರಿತ್ರೆ ಬರೆದು ಪುಲ್ಪಿಟ್‌ನಿಂದ ಓದಬೇಕಂತೆ. ರೈಲ್ವೆ ವರ್ಕ್‌ಶಾಪ್ ಯೂನಿಯನ್‌ಗೆ ಬೆಂಕಿಯಂಥ ಕರಪತ್ರ ಬರೆಯುತ್ತೀಯಲ್ಲ, ದೇವರಿಗೂ ನಾಲ್ಕು ಪುಟ ಬರಿ ಅಂದರು.

ಬರೆಯುತ್ತೇನೆ. ಆದರೆ ಭಜನೆ ಮಾಡುವುದಿಲ್ಲ.

೬ ಸೆಪ್ಟೆಂಬರ್, ಸಂಜೆ

ಹಳೇ ಮಿನಿಟ್ಸ್ ಓದಿದೆ. ಮೊದಲು ಎಲ್ಲರಿಗೂ ಒಂದೇ ಬಟ್ಟಲು. ಬೆಳ್ಳಿಯದು. ೧೯೧೯ರಲ್ಲಿ ದಿಢೀರನೆ ಅಮೆರಿಕದಿಂದ ಚಿಕ್ಕ ಗ್ಲಾಸು. ಕಾರಣ: ಆರೋಗ್ಯದ ದೃಷ್ಟಿಯಿಂದ. ಇನ್‌ಫ್ಲೂಯೆಂಜಾ ಬಂದುಹೋದ ಕಾಲ, ಇರಬಹುದು ಅನ್ನುತ್ತಾರೆ ಪಾಸ್ಟರ್.

ನಾನು ನಂಬುವುದಿಲ್ಲ. ಇದು ಮುಂಬೆಂಚಿನ ಮೇಲ್ಜಾತಿ ಮನೆಗಳ ಕೆಲಸ. ಬ್ಯಾಪ್ಟಿಸಮ್ ನೀರಿಗೆ ಅಂಥವರ ಜಾತಿ ತೊಳೆದುಹೋಗುತ್ತದೆಯೇ? ಅಮ್ಮನ ಅಪ್ಪ, ನನ್ನ ತಾತ, ಕೋಲಾರದ ಹೊಲಗೇರಿಯಿಂದ ಬಂದ ಮೇಸ್ತ್ರಿ. ಸಭೆಯ ಮೊದಲ ಸ್ಟೀವರ್ಡ್, ಕಾಣಿಕೆ ಲೆಕ್ಕ ನೋಡುವ ಹಿರಿಯ. ಅವರ ತುಟಿ ತಾಕಿದ ಬಟ್ಟಲು ಈ ಮಹಾನುಭಾವರಿಗೆ ಮೈಲಿಗೆಯಾಗಿರಬೇಕು.

ಒಂದು ಪ್ಯಾರಾ ಬರೆದೆ. ಕಾಗದ ಸುಡಬೇಕು, ಹಾಗೆ. ಜುಬಿಲಿ ದಿನ ಅವರೆಲ್ಲ ಕೂತು ಕೇಳಲಿ.

೧೦ ಸೆಪ್ಟೆಂಬರ್, ಭಾನುವಾರ

ಮನೆಯಲ್ಲಿ ರಂಪ. ತಂಗಿ ಬೇಬಿ — ನರ್ಸು, ಕೈತುಂಬ ಡ್ಯೂಟಿ — ಭೋಜರಾಜನನ್ನು ಮದುವೆಯಾಗುತ್ತಾಳಂತೆ. ಕ್ವಯರ್‌ನಲ್ಲಿ ಹಾಡುವ ಹುಡುಗ, ಸ್ಕೂಲ್ ಮಾಸ್ತರ. ಮೋನಪ್ಪನವರ ಮಗ. ತೊಗಲು ಹದ ಮಾಡುವ ಟ್ಯಾನರಿಯಲ್ಲಿ ಜೀವ ಸವೆಸಿದ ಮನೆ. ಏನು ಕೊರತೆ?

ಅಮ್ಮನದು ಒಂದೇ ಮಾತು, ಆ ಮನೆ ಬ್ಯಾಡ. ಕಾರಣ ಕೇಳಿದರೆ ಮೀನು ಉಜ್ಜುತ್ತ ಕೂತರು.

ಮದುವೆಗೆ ಮುಂಚೆ ಮೂರು ಭಾನುವಾರ ಸಭೆಯಲ್ಲಿ ಗಂಡು ಹೆಣ್ಣಿನ ಹೆಸರು ಓದಬೇಕು. ಇಲ್ಲಿ ಅದಕ್ಕೆ ಓಲೆ ಅಂತಾರೆ. ತಕರಾರಿದ್ದವರು ಎದ್ದು ನಿಲ್ಲಬಹುದು. ಓದುವವನು ನಾನೇ.

"ನೀ ಓದು. ನಾ ಎದ್ದು ನಿಲ್ತೀನಿ" ಅಂದರು ಅಮ್ಮ.

ಹೆತ್ತ ತಾಯಿ ಎದ್ದರೆ ಮುಗಿಯಿತು. ಪಾಸ್ಟರ್ ಮದುವೆ ಮಾಡಿಸುವುದಿಲ್ಲ. ಬೇಬಿ ಅಳಲಿಲ್ಲ. ನನ್ನ ಕಡೆ ತಿರುಗಿದಳು.

"ಜುಬಿಲಿ ದಿನಾನೇ ಮೊದಲನೇ ಓಲೆ ಓದಣ್ಣಾ. ಮೀಟಿಂಗ್‌ನಲ್ಲಿ ಅಷ್ಟು ಪೇಸ್ತೀಯ, ಮನೇಲಿ ಬಾಯಿಗೆ ಏನು ಬೀಗಾನಾ?"

೨೪ ಸೆಪ್ಟೆಂಬರ್, ಭಾನುವಾರ

ಮೋನಪ್ಪನವರ ಮನೆಗೆ ಹೋದೆ. ಮದುವೆ ಮಾತು ಆಮೇಲೆ, ಮೊದಲು ನನ್ನ ಪ್ಯಾರಾ ಕೇಳಿಸೋಣ ಅಂತ. ಇದ್ದವರಲ್ಲಿ ಹಳಬರು ಅವರೇ. ಚೊಂಬಿನಲ್ಲಿ ನೀರು ಕೊಟ್ಟರು. ಕುಡಿದು ಓದಿದೆ. ನಡುವೆಯೇ ಮುದುಕ ನಗಲು ಶುರು ಮಾಡಿದ.

"ಯಾವ ಮೇಲ್ಜಾತಿನಪ್ಪಾ? ಆ ಮುಂಬೆಂಚಿನೋರು ಬಂದಿದ್ದು ಎಷ್ಟೋ ವರ್ಷ ಆದ್ಮೇಲೆ. ಆಗ ಸಭೇಲಿದ್ದೋರೆಲ್ಲ ನಿಮ್ಮೋರೇ, ಹೊಲಗೇರಿಯೋರು."

ಹೇಳಿದರು. ಟ್ಯಾನರಿಯ ಮಾದಿಗ ಮನೆಗಳಿಗೆ ಬ್ಯಾಪ್ಟಿಸಮ್ ಆದ ಭಾನುವಾರ. ಬಟ್ಟಲು ಇವರ ಬಾಯಿಗೆ ಬರುವ ಮುಂಚೆ ಒಬ್ಬ ಎದ್ದು ನಿಂತನಂತೆ. ಇವರು ಮುಟ್ಟಿದರೆ ನಮ್ಮ ಮನೆಗಳೆಲ್ಲ ಈಗಲೇ ಹೊರಗೆ ಅಂದನಂತೆ. ಬಿಳಿಯ ಪಾದ್ರಿ ಅತ್ತನಂತೆ. ಅತ್ತು, ಗ್ಲಾಸು ತರಿಸಿದ.

ಯಾರು ಎದ್ದಿದ್ದು ಅಂತ ಕೇಳಲಿಲ್ಲ ನಾನು. ಅವರೇ ಅಂದರು.

"ನಿಮ್ಮ ತಾತ. ಮೇಸ್ತ್ರಿ."

ಎದ್ದೆ. ಬಾಗಿಲಲ್ಲಿ ಇನ್ನೊಂದು ಮಾತು ಬಂತು. ಸಿಟ್ಟಿಲ್ಲದ ಮಾತು. "ನೀನೂ ಈಗ ಚೊಂಬು ಎತ್ತಿಕೊಂಡೇ ಕುಡಿದೆ, ತುಟಿಗೆ ಸೋಕಿಸದೇನೇ."

ನಮ್ಮನೇಲಿ ಎಲ್ಲರೂ ಹಾಗೇ ಕುಡಿಯೋದು, ಅಭ್ಯಾಸ ಅಂದೆ.

ಗೊತ್ತು ಅಂದರು.

೨೫ ಸೆಪ್ಟೆಂಬರ್

ಅಮ್ಮನಿಗೆ ಮೊದಲೇ ಗೊತ್ತು. ಆಗ ಹದಿಮೂರು ವರ್ಷವಂತೆ, ಅಪ್ಪನ ಪಕ್ಕದಲ್ಲೇ ಕೂತಿದ್ದರಂತೆ.

"ಮೋನಪ್ಪಣ್ಣ ಅವತ್ತು ಕೈ ಚಾಚಿದ್ದ ಕಣೋ, ಬಟ್ಟಲಿಗೆ. ಆ ಕೈ ಹಂಗೇ ನಿಂತೋಯ್ತು. ಯಾವ ಮೊಕ ಇಟ್ಕಂಡು ಅವರಿಗೆ ಬೀಗಿತ್ತಿ ಆಗ್ಲಿ ನಾನು?"

ಹಾಗಾದರೆ ಬೇಡ ಅಂದಿದ್ದು ಜಾತಿಗೋ? ನಾಚಿಕೆಗೋ? ಕೇಳಿದೆ. ತಿಳಿಯದು ಅಂದರು. ನಿಜವೇ ಹೇಳಿದರು ಅನ್ನಿಸಿತು. ಅದೇ ಇನ್ನೂ ಗೋಜಲು.

೭ ಅಕ್ಟೋಬರ್, ಶನಿವಾರ

ಬರೆದೆ, ಹರಿದೆ, ಬರೆದೆ. ಕರಪತ್ರಕ್ಕೊಬ್ಬ ಶತ್ರು ಬೇಕು. ನನ್ನ ಶತ್ರು ಪೇಟ ಕಟ್ಟಿಕೊಂಡು ನಮ್ಮ ಗೋಡೆಯ ಮೇಲೆ ಫೋಟೋದಲ್ಲಿದ್ದಾನೆ. ಮೊಳೆಯಿಂದ ಇಳಿಸಲೆ? ಇಳಿಸಿದರೆ ನನಗೆ ಅವನ ಮೂಗೇ ಇದೆಯಲ್ಲ, ಅದನ್ನೇನು ಮಾಡಲಿ?

ಆರೋಗ್ಯದ ದೃಷ್ಟಿಯಿಂದ ಅಂತಲೇ ಬಿಡು, ಹಬ್ಬದ ದಿನ ಯಾಕೆ ಅಂದರು ಪಾಸ್ಟರ್. ಆಗಲ್ಲ ಅಂದೆ. ಮುಂಬೆಂಚಿನವರನ್ನು ಬೈಯಲು ಇದ್ದ ಧೈರ್ಯ ತಾತನ ಹೆಸರು ಬರುವಾಗ ಎಲ್ಲಿಗೆ ಹೋಗಬೇಕು? ವಾದ ಮಾಡಿ ಕೊನೆಗೆ ಒಂದಕ್ಕೆ ಒಪ್ಪಿಸಿದೆ. ನಾಳೆ ಜುಬಿಲಿಗೆ ಗ್ಲಾಸಿಲ್ಲ. ಬೆಳ್ಳಿ ಬಟ್ಟಲು. ಹುಣಸೇಹಣ್ಣು ಹಾಕಿ ನಾನೇ ಬೆಳಗಿದೆ. ಮೊದಲು ಹಳಬರಾದ ಅಮ್ಮ, ಮೋನಪ್ಪ. ಆಮೇಲೆ ಸೆಕ್ರೆಟರಿ.

ಅಮ್ಮನಿಗೆ ಹೇಳಿದೆ. ನಾಳೆಯ ಸೀರೆ ತೆಗೆದಿಟ್ಟರು.

೮ ಅಕ್ಟೋಬರ್, ಭಾನುವಾರ

ಓದಿದೆ. ತಾತನ ಹೆಸರು ಹಿಡಿದೇ ಓದಿದೆ. ಸಭೆ ಕೆಮ್ಮಿತು. ನಮ್ಮ ನೆಂಟರು ಇಬ್ಬರು ಎದ್ದುಹೋದರು. ಆಮೇಲೆ ಕಡೆಯಲ್ಲಿ ಓಲೆ. ತಕರಾರು ಉಂಟೇ ಅಂತ ಪಾಸ್ಟರ್ ಕೇಳಿದಾಗ ಬೇಬಿ ನೆಲ ನೋಡುತ್ತಿದ್ದಳು. ಅಮ್ಮ ಏಳಲಿಲ್ಲ. ಉಳಿದವರೆಲ್ಲ ನನ್ನ ಕೈ ಕುಲುಕಿದರು. ಭೋಜರಾಜ ತಬ್ಬಿಕೊಂಡ.

ಆದರೆ ಅದಲ್ಲ. ಓಲೆಗೆ ಮುಂಚೆ, ಮೊಣಕಾಲೂರಿದಾಗ...

ಪಾಸ್ಟರ್ ಬಟ್ಟಲನ್ನು ಮೊದಲು ಅಮ್ಮನ ಕಡೆ ಚಾಚಿದರು. ಅಮ್ಮ ಮುಟ್ಟಲಿಲ್ಲ. ಅಮ್ಮ ಪಕ್ಕಕ್ಕೆ ತಿರುಗಿ ಮೆಲ್ಲಗೆ, "ನೀವು ಮೊದಲು ಅಣ್ಣಾ" ಅಂದರು.

ಮೋನಪ್ಪ ಕುಡಿದರು. ಅಮ್ಮ ಇಸಿದುಕೊಂಡರು. ಅಂಚು ಒರೆಸಲಿಲ್ಲ. ಬಟ್ಟಲು ತಿರುಗಿಸಲಿಲ್ಲ. ಮನೆಯಲ್ಲಿ ನನ್ನ ಲೋಟಕ್ಕೂ ತುಟಿ ಇಟ್ಟವರಲ್ಲ — ಅದೇ ಜಾಗಕ್ಕೆ ತುಟಿಯಿಟ್ಟು ಕುಡಿದರು.

ಬಟ್ಟಲು ನನಗೆ ಬಂತು. ಅಂಚು ಒದ್ದೆ. ಎಲ್ಲರೂ ನೋಡುತ್ತಿದ್ದರು, ಮೋನಪ್ಪನೂ. ಕುಡಿಯಬೇಕು ಅಂದುಕೊಂಡೆ. ತಲೆ ತಾನಾಗಿ ಹಿಂದಕ್ಕೆ ಬಾಗಿತು. ನನ್ನ ಕೈ, ಬಟ್ಟಲು ಹಿಡಿದ ಕೈ, ತುಟಿಯಿಂದ ಮೇಲಕ್ಕೆ ಹೋಯಿತು, ಅಭ್ಯಾಸದಂತೆ.